ನಿರ್ಧಾರ ಯಾರದು, ಕಾವಲು ಯಾರದು? ಸಂಶೋಧನೆ ಮಾಡುವುದು ಹೀಗೆ

ಮಾನಸಿಕ ಸಾಮರ್ಥ್ಯ, ಅಂದರೆ ವಿಷಯ ಅರಿತು ತಾವೇ ನಿರ್ಧರಿಸುವ ಶಕ್ತಿ, ಕಳೆದುಕೊಂಡ ವಯಸ್ಕರಿಗೆ ಕಾನೂನು ಏನು ರಕ್ಷಣೆ ಕೊಡುತ್ತದೆ? ಎಲ್‌ಎಲ್‌ಎಂ ಪ್ರಬಂಧಕ್ಕೋ ಪಿಎಚ್‌ಡಿಗೋ ಈ ವಿಷಯ ಹಿಡಿದವರು ಸಾಮಾನ್ಯವಾಗಿ ಕಾಯಿಲೆಯ ಹೆಸರಿನಿಂದ ಶುರು ಮಾಡುತ್ತಾರೆ. ‘ಡಿಮೆನ್ಷಿಯಾ ಇರುವವರ ಹಕ್ಕುಗಳು’ ಅಂತ ಶೀರ್ಷಿಕೆ ಇಟ್ಟರೆ ಮುಗೀತು, ಎಲ್ಲವೂ ಅದರೊಳಗೆ ಬಂದು ಬೀಳುತ್ತದೆ, ಯಾವುದೂ ಕೈಗೆ ಸಿಗುವುದಿಲ್ಲ. ಅದರ ಬದಲು ಒಂದು ನಿರ್ಧಾರ ಆರಿಸಿಕೊಳ್ಳಿ. ಆಪರೇಷನ್‌ಗೆ ಒಪ್ಪಿಗೆ, ಮನೆ ಮಾರಾಟ, ಆರೈಕೆ ಕೇಂದ್ರಕ್ಕೆ ಸೇರಿಸುವುದು, ಇವುಗಳಲ್ಲಿ ಯಾವುದಾದರೂ ಒಂದು. ದಿನದ ಖರ್ಚು ತಾವೇ ನೋಡಿಕೊಳ್ಳುವವರಿಗೂ ಮನೆ ಮಾರಾಟದ ಕರಾರು ಅರ್ಥವಾಗದೇ ಇರಬಹುದು. ಬೆಳಿಗ್ಗೆ ಸ್ಪಷ್ಟವಾಗಿ ಮಾತಾಡಿದವರು ಸಂಜೆ ಗೊಂದಲಕ್ಕೆ ಬೀಳಬಹುದು. ಹಾಗಾಗಿ ‘ಇವರಿಗೆ ಸಾಮರ್ಥ್ಯ ಇದೆಯೇ’ ಅಂತ ಸುಮ್ನೆ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ನಿರ್ಧಾರಕ್ಕೆ, ಯಾವ ಹೊತ್ತಿನಲ್ಲಿ ಅಂತ ಕೇಳಬೇಕು.

ಇದು ಮನಸ್ಸಿಗೆ ಇಳಿಯಬೇಕಾದರೆ 1994ರಲ್ಲಿ ವರದಿಯಾದ ಇಂಗ್ಲೆಂಡಿನ ‘ರೀ ಸಿ’ ತೀರ್ಪು ಓದಿ. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇದ್ದ 68 ವರ್ಷದವರೊಬ್ಬರ ಪಾದಕ್ಕೆ ಗ್ಯಾಂಗ್ರೀನ್ ಆಗಿ ಕೊಳೆಯತೊಡಗಿತ್ತು. ತಾನೊಬ್ಬ ದೊಡ್ಡ ಡಾಕ್ಟರ್ ಎಂಬ ಭ್ರಮೆಯೂ ಅವರಿಗಿತ್ತು. ಕಾಲು ಕತ್ತರಿಸಬೇಡಿ ಎಂದರು. ಕೋರ್ಟ್ ಅವರ ಮಾತನ್ನೇ ಎತ್ತಿ ಹಿಡಿಯಿತು. ಭ್ರಮೆ ಇದ್ದರೂ, ಈ ಚಿಕಿತ್ಸೆಯ ವಿಚಾರ ಅವರಿಗೆ ಅರ್ಥವಾಗಿತ್ತು.

ಆಮೇಲೆ ಕಾಯ್ದೆಗೆ ಬನ್ನಿ. ವ್ಯಾಖ್ಯಾನ ಗ್ರಂಥ ಪಕ್ಕಕ್ಕಿಡಿ, ಮೊದಲು ಮೂಲ ಪಠ್ಯ ಓದಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2005ರ ಮೆಂಟಲ್ ಕೆಪಾಸಿಟಿ ಆಕ್ಟ್‌ನ ಮೊದಲ ನಾಲ್ಕು ಸೆಕ್ಷನ್‌ಗಳಲ್ಲಿ ತಿರುಳಿದೆ. ಸಾಮರ್ಥ್ಯ ಇದೆ ಅಂತಲೇ ಮೊದಲು ಭಾವಿಸಬೇಕು. ನಿರ್ಧಾರ ತಿಳಿಗೇಡಿತನದ್ದು ಅನ್ನಿಸಿದ ಮಾತ್ರಕ್ಕೆ ಸಾಮರ್ಥ್ಯ ಇಲ್ಲ ಅನ್ನುವಂತಿಲ್ಲ. ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಸೆಕ್ಷನ್ 4ರಲ್ಲೂ ಇಂಥದ್ದೇ ಮಾತಿದೆ.

ಈ ಕ್ಷೇತ್ರದಲ್ಲಿ ಒಂದು ದೊಡ್ಡ ಜಗಳವಿದೆ, ಅದನ್ನು ಬಿಡಬೇಡಿ. ಇಂಗ್ಲೆಂಡಿನ ಕಾಯ್ದೆ, ಸಾಮರ್ಥ್ಯ ಇಲ್ಲದವರ ಪರವಾಗಿ ಅವರ ಹಿತ ನೋಡಿ ಬೇರೆಯವರು ನಿರ್ಧರಿಸಬಹುದು ಅನ್ನುತ್ತದೆ. ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2006ರ ಒಪ್ಪಂದದ 12ನೇ ವಿಧಿಯನ್ನು (ಕಾನೂನಿನ ಮುಂದೆ ಸಮಾನತೆ) ವಿವರಿಸುತ್ತಾ, ಅದರ ಸಮಿತಿ 2014ರಲ್ಲಿ ಇದನ್ನು ಒಪ್ಪಲಿಲ್ಲ. ನಿರ್ಧರಿಸಲು ನೆರವು ಕೊಡಿ, ಅವರ ಇಚ್ಛೆಗೆ ಬೆಲೆ ಕೊಡಿ ಎಂದಿತು. ಐರ್ಲೆಂಡ್ ನೆರವಿನ ದಾರಿ ಹಿಡಿದು 2015ರಲ್ಲಿ ಕಾಯ್ದೆ ಮಾಡಿತು. ಆದರೆ ಅದು ಪೂರ್ತಿ ಜಾರಿಗೆ ಬಂದಿದ್ದು 2023ರಲ್ಲಿ! ಎರಡು ಪಕ್ಷಗಳ ವಾದವನ್ನೂ ಓದಿ. ಕೋಮಾದಲ್ಲಿ ಇರುವವರ ವಿಷಯದಲ್ಲಿ ‘ನೆರವು’ ಹೇಗೆ ಕೆಲಸ ಮಾಡುತ್ತದೆ ಎಂಬಲ್ಲಿ ಸಮಿತಿಯ ಉತ್ತರ ನನಗಂತೂ ಸಾಕಾಗಲಿಲ್ಲ.

ಮುಂದಿನ ಹಂತಕ್ಕೆ ಜಾಸ್ತಿ ಸಮಯ ಇಟ್ಟುಕೊಳ್ಳಿ: ಕಾಯ್ದೆಯ ತೂತು ಹುಡುಕುವುದು. ಪ್ರತಿ ಕಾಯ್ದೆಗೂ ಒಂದೇ ಪ್ರಶ್ನೆಗಳನ್ನು ಹಾಕಿ. ಸಾಮರ್ಥ್ಯ ಪರೀಕ್ಷಿಸುವವರು ಯಾರು, ನಿರ್ಧರಿಸುವವರು ಯಾರು, ಅವರ ಮೇಲೆ ಕಣ್ಣಿಡುವವರು ಯಾರು, ಆ ವ್ಯಕ್ತಿಗೆ ದೂರು ಕೊಡಲು ಯಾರು ಸಹಾಯ ಮಾಡುತ್ತಾರೆ?

ಇಂಗ್ಲೆಂಡಿನ ಬೋರ್ನ್‌ವುಡ್ ಆಸ್ಪತ್ರೆಯ ಪ್ರಕರಣದಲ್ಲಿ ಕೊನೆಯ ಎರಡಕ್ಕೆ ಉತ್ತರವೇ ಇರಲಿಲ್ಲ. ಎಚ್‌ಎಲ್ ಎಂಬ ಆಟಿಸಂ ಇದ್ದ, ಮಾತು ಬಾರದ ವ್ಯಕ್ತಿಯನ್ನು 1997ರಲ್ಲಿ ಆಸ್ಪತ್ರೆಯಲ್ಲಿ ಇರಿಸಿಕೊಂಡರು. ಅವರು ವಿರೋಧ ತೋರಲಿಲ್ಲ, ಹಾಗಾಗಿ ‘ಬಂಧನ’ ಅಂತ ಯಾವ ಕಾಗದವೂ ಇರಲಿಲ್ಲ. ಅವರನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಂಡಿದ್ದವರು ಬಂದರೆ ಜೊತೆಗೆ ಹೊರಟುಬಿಟ್ಟಾರು ಎಂದು ಭೇಟಿಗೂ ಬಿಡಲಿಲ್ಲ. 2004ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇದು ಹಕ್ಕಿನ ಉಲ್ಲಂಘನೆ ಎಂದಿತು. ಅದರಿಂದಾಗಿ 2009ರಲ್ಲಿ, ಇಂಥವರನ್ನು ಇರಿಸಿಕೊಳ್ಳಲು ಅರ್ಜಿ ಹಾಕಿ ಪರಿಶೀಲನೆಯಾದ ಮೇಲೆ ಅನುಮತಿ ಪಡೆಯಬೇಕೆನ್ನುವ ಹೊಸ ರಕ್ಷಣಾ ವ್ಯವಸ್ಥೆ ಬಂತು. ನಿರಂತರ ನಿಗಾದಲ್ಲಿದ್ದು, ಬಿಟ್ಟು ಹೋಗುವ ಸ್ವಾತಂತ್ರ್ಯ ಇಲ್ಲದಿದ್ದರೆ ಅದು ಬಂಧನವೇ ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್‌ನ 2014ರ ‘ಚೆಷೈರ್ ವೆಸ್ಟ್’ ತೀರ್ಪು ಹೇಳಿದ ಮೇಲೆ ಅರ್ಜಿಗಳ ರಾಶಿ ಬಿತ್ತು. 21 ದಿನದಲ್ಲಿ ಮುಗಿಯಬೇಕಾದ ಪರಿಶೀಲನೆ ತಿಂಗಳುಗಟ್ಟಲೆ ಎಳೆಯಿತು. ಬದಲಿ ಕಾಯ್ದೆ 2019ರಲ್ಲಿ ಪಾಸಾಯಿತು, ಅದರ ಜಾರಿಯನ್ನು ಸರ್ಕಾರ 2023ರಲ್ಲಿ ಮುಂದೂಡಿತು. ನೋಡಿ, ಕಾಗದದ ರಕ್ಷಣೆಗೂ ಕೈಗೆ ಸಿಗುವ ರಕ್ಷಣೆಗೂ ಎಷ್ಟು ದೂರ, ಅಲ್ವಾ? ನಿಮ್ಮ ಪ್ರಬಂಧ ಆ ದೂರವನ್ನು ಅಳೆಯಲಿ. ಬ್ರಿಟನ್ನಿನ ಹಲವು ತೀರ್ಪುಗಳು ಬೈಲಿ (BAILII) ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ.

ಜನರನ್ನು ಮಾತಾಡಿಸುವ ಯೋಚನೆ ಇದ್ದರೆ ನೈತಿಕ ಸಮಿತಿಯ ಅನುಮತಿ ಮೊದಲೇ ಪಡೆಯಿರಿ. ಸಾಮರ್ಥ್ಯ ಇಲ್ಲದವರನ್ನು ಸಂಶೋಧನೆಯಲ್ಲಿ ಸೇರಿಸಿಕೊಳ್ಳಲು ಇಂಗ್ಲೆಂಡಿನ ಕಾಯ್ದೆಯ 30ರಿಂದ 34ನೇ ಸೆಕ್ಷನ್‌ಗಳಲ್ಲಿ, ಭಾರತದ ಕಾಯ್ದೆಯ 99ನೇ ಸೆಕ್ಷನ್‌ನಲ್ಲಿ ಷರತ್ತುಗಳಿವೆ. ಮನೆಯವರು ಸಹಿ ಹಾಕಿದರೂ, ಆ ವ್ಯಕ್ತಿ ಮುಖ ತಿರುಗಿಸಿದರೆ ಅಥವಾ ಎದ್ದು ಹೋಗಲು ನೋಡಿದರೆ ಸಂದರ್ಶನ ಅಲ್ಲಿಗೇ ನಿಲ್ಲಿಸಿ. ಟಿಪ್ಪಣಿಯಲ್ಲಿ ಹೆಸರು ಬೇಡ, ಕೋರ್ಟ್‌ಗಳು ಮಾಡುವ ಹಾಗೆ ಒಂದು ಅಕ್ಷರ ಸಾಕು. ಊರು, ಕೆಲಸ, ಕಾಯಿಲೆ ಮೂರನ್ನೂ ಒಟ್ಟಿಗೆ ಬರೆಯಬೇಡಿ, ಹೆಸರಿಲ್ಲದಿದ್ದರೂ ಪರಿಚಯದವರಿಗೆ ಯಾರೆಂದು ಗೊತ್ತಾಗಿಬಿಡುತ್ತದೆ.