ಬಂಕ್ ಟ್ಯಾಂಕ್ ತೆಗೆದ ಜಾಗದಲ್ಲಿ ಮಣ್ಣು ಪರೀಕ್ಷೆ ಹೇಗೆ?

ಲೀಸ್ ಮುಗಿದು ಪೆಟ್ರೋಲ್ ಬಂಕ್ ಜಾಗ ವಾಪಸ್ ಬರುತ್ತದೆ. ಟ್ಯಾಂಕ್ ಎತ್ತಿದ ಮೇಲೆ ಅಲ್ಲೇ ಮಳಿಗೆ ಕಟ್ಟುವ ಆಸೆ. ಮಣ್ಣು ಪರೀಕ್ಷೆ ಮಾಡಿಸಿ ಎಂದು ಯಾರೋ ಹೇಳುತ್ತಾರೆ. ಮೇಸ್ತ್ರಿ ಗುಂಡಿ ಪಕ್ಕದ ರಾಶಿಯಿಂದ ನಾಲ್ಕು ಹಿಡಿ ಮಣ್ಣು ತೆಗೆದು, ಚೆನ್ನಾಗಿ ಕಲಸಿ, ತರಕಾರಿ ಕವರಿಗೆ ತುಂಬಿ ಕಾರಿನ ಡಿಕ್ಕಿಗೆ ಹಾಕುತ್ತಾನೆ. ಮಾರನೇ ದಿನ ಅದು ಲ್ಯಾಬಿಗೆ ಹೋಗುತ್ತದೆ. ಏನೂ ಇಲ್ಲ ಅಂತ ವರದಿ ಬರುತ್ತದೆ, ಎಲ್ಲರಿಗೂ ಖುಷಿ. ಮಣ್ಣಿನಲ್ಲಿದ್ದ ಪೆಟ್ರೋಲ್ ಡಿಕ್ಕಿಯಲ್ಲೇ ಆವಿಯಾಗಿ ಹೋಗಿರುತ್ತದೆ, ವರದಿಯಲ್ಲಿ ಎಲ್ಲಿಂದ ಬರಬೇಕು? ಇಂಥ ವರದಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಸ್ವಲ್ಪ ಸೋರಿದರೆ ಏನಾಯ್ತು ಅನ್ನುವವರಿಗೆ ಒಂದು ಲೆಕ್ಕ. ಈಗಿನ ಪೆಟ್ರೋಲಿನಲ್ಲಿ ಶೇ 1ರವರೆಗೆ ಬೆಂಜೀನ್ ಇರಬಹುದು. ಇದು ಕ್ಯಾನ್ಸರ್ ತರುವ ವಸ್ತು. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದೇ ಲೀಟರ್ ಪೆಟ್ರೋಲಿನ ಬೆಂಜೀನ್ 8 ಲಕ್ಷ ಲೀಟರಿಗೂ ಜಾಸ್ತಿ ನೀರನ್ನು ಕೆಡಿಸಬಲ್ಲದು.

ಮೊದಲ ಕೆಲಸ, ಹಳೆಯ ನಕ್ಷೆ ಹುಡುಕುವುದು. ಎಷ್ಟು ಟ್ಯಾಂಕ್, ಯಾವುದರಲ್ಲಿ ಪೆಟ್ರೋಲ್, ಯಾವುದರಲ್ಲಿ ಡೀಸೆಲ್, ಪೈಪ್ ಎಲ್ಲಿ ಹಾದಿತ್ತು ಎಂದು ಗುರುತು ಮಾಡಿಕೊಳ್ಳಿ. ಬಂಕ್ 2000ಕ್ಕಿಂತ ಹಳೆಯದಾದರೆ ಸೀಸದ ಪರೀಕ್ಷೆಯನ್ನೂ ಸೇರಿಸಿ. ನಮ್ಮ ದೇಶದಲ್ಲಿ ಸೀಸ ಬೆರೆತ ಪೆಟ್ರೋಲ್ ಪೂರ್ತಿ ನಿಂತದ್ದು ಆ ವರ್ಷವೇ.

ಟ್ಯಾಂಕ್ ಎತ್ತುವುದು ಅನುಭವಸ್ಥ ಗುತ್ತಿಗೆದಾರರ ಕೆಲಸ. ಖಾಲಿ ಟ್ಯಾಂಕೇ ಹೆಚ್ಚು ಅಪಾಯ, ಒಳಗೆಲ್ಲ ಆವಿ ತುಂಬಿರುತ್ತದೆ. ಗುಜರಿಯವನು ಅಲ್ಲೇ ಗ್ಯಾಸ್ ಕಟರ್ ಹಚ್ಚಲು ಹೊರಟರೆ ಜಾಗ ಬಿಟ್ಟು ಓಡಿ.

ಇನ್ನು ಮಣ್ಣು ಎಲ್ಲಿಂದ ತೆಗೆಯಬೇಕು? ಸೋರಿಕೆ ಟ್ಯಾಂಕಿನ ಹೊಟ್ಟೆಯಲ್ಲೇ ಆಗಬೇಕೆಂದಿಲ್ಲ. ಪೈಪಿನ ಜೋಡಣೆ, ಲಾರಿಯಿಂದ ಎಣ್ಣೆ ಇಳಿಸುವ ಬಾಯಿ, ಪಂಪ್ ನಿಂತಿದ್ದ ಜಾಗ, ಈ ಮೂರನ್ನು ಬಿಡಲೇಬೇಡಿ. ಪ್ರತಿ ಟ್ಯಾಂಕಿನ ಎರಡೂ ತುದಿಯ ಕೆಳಗೆ, ಗುಂಡಿಯ ತಳದಿಂದ ಒಂದೆರಡು ಅಡಿ ಆಳದ ಮಣ್ಣು ಬೇಕು. ಗುಂಡಿಗೆ ಯಾರೂ ಇಳಿಯಬಾರದು. ಜೆಸಿಬಿ ಬಕೆಟ್ ಮೇಲೆ ಬಂದ ತಕ್ಷಣ ಅದರ ನಡುಭಾಗದ ಮಣ್ಣು ತೆಗೆಯಿರಿ. ಗೋಡೆಯಲ್ಲಿ ಮಳೆಗಾಲದ ನೀರು ನಿಂತ ಗುರುತು ಕಂಡರೆ ಅಲ್ಲಿಂದಲೂ ಒಂದು ಸ್ಯಾಂಪಲ್ ಇರಲಿ. ಪೆಟ್ರೋಲ್ ನೀರಿನ ಮೇಲೆ ತೇಲುತ್ತದೆ. ನೀರು ಏರಿದಾಗ ಏರಿ, ಇಳಿದಾಗ ಇಳಿದು, ಆ ಪಟ್ಟಿಯುದ್ದಕ್ಕೂ ಮಣ್ಣಿಗೆ ಮೆತ್ತಿಕೊಂಡಿರುತ್ತದೆ.

ಯಾವ ಜಾಗ ಹೆಚ್ಚು ಕೆಟ್ಟಿದೆ ಎಂದು ಮೂಗಿನಿಂದ ನೋಡಬೇಡಿ. ಆ ಆವಿ ವಿಷ, ಅಲ್ಲದೆ ಹತ್ತು ನಿಮಿಷಕ್ಕೆ ಮೂಗೂ ಒಗ್ಗಿಹೋಗುತ್ತದೆ. ಗಾಳಿಯಲ್ಲಿರುವ ಪೆಟ್ರೋಲ್ ಆವಿಯನ್ನು ಅಳೆಯುವ ಪಿಐಡಿ ಮೀಟರ್ ಬಾಡಿಗೆಗೆ ತನ್ನಿ. ಜಿಪ್‌ಲಾಕ್ ಕವರಿನಲ್ಲಿ ಅರ್ಧ ಮಣ್ಣು ತುಂಬಿ, ಮುಚ್ಚಿ, ಹೆಂಟೆ ಪುಡಿಮಾಡಿ, ಹತ್ತು ನಿಮಿಷ ಬಿಟ್ಟು ಮೀಟರಿನ ಮೂತಿ ಚುಚ್ಚಿ. ಬರುವ ಅತಿ ದೊಡ್ಡ ಸಂಖ್ಯೆ ಬರೆದುಕೊಳ್ಳಿ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಗ್ಯಾಸ್ ಮೀಟರಿಗೆ ಸುಮ್ನೆ ದುಡ್ಡು ಹಾಕಬೇಡಿ. ಅದು ಅಳೆಯುವುದು ಬೆಂಕಿ ಹತ್ತುವ ಮಟ್ಟವನ್ನು. ಅದರಲ್ಲಿ ಆ ಮಟ್ಟದ ಶೇ 1 ಎಂದು ತೋರಿಸುವ ಹೊತ್ತಿಗೆ ಗಾಳಿಯಲ್ಲಿ ಆವಿ ನೂರು ಪಿಪಿಎಂ (ಹತ್ತು ಲಕ್ಷದಲ್ಲಿ ನೂರು ಪಾಲು) ದಾಟಿರುತ್ತದೆ.

ಕವರಿನಲ್ಲಿ ಕಲಕಿದ ಮಣ್ಣು ಲ್ಯಾಬಿಗಲ್ಲ. ಅದಕ್ಕೆ ಅದೇ ಜಾಗದ ಬೇರೆ ಮಣ್ಣು ಬೇಕು. ಕೆಲಸ ಕೆಡುವುದೆಲ್ಲ ಇಲ್ಲೇ. ಲ್ಯಾಬಿನವರೇ ತೂಕ ಮಾಡಿ, ಆವಿ ಹಾರದಂತೆ ಹಿಡಿದಿಡುವ ಮೆಥನಾಲ್ ಹಾಕಿ ಕೊಡುವ 40 ಎಂಎಲ್ ಗಾಜಿನ ಸೀಸೆ ಕೇಳಿ ಪಡೆಯಿರಿ. ಪ್ಲಾಸ್ಟಿಕ್ ಸಿರಿಂಜಿನ ತುದಿ ಕತ್ತರಿಸಿ, ಹೊಸದಾಗಿ ಕೆರೆದ ಮಣ್ಣಿಗೆ ಒತ್ತಿ. ಸುಮಾರು 5 ಗ್ರಾಂ ಬರುತ್ತದೆ. ಅದನ್ನು ನೇರ ಸೀಸೆಗೆ ತಳ್ಳಿ. ಜರಡಿ ಹಿಡಿಯುವುದು, ಒಣಗಿಸುವುದು, ಎರಡು ಜಾಗದ ಮಣ್ಣು ಬೆರೆಸುವುದು, ಯಾವುದೂ ಬೇಡ. ಹೊಲದ ಮಣ್ಣು ಪರೀಕ್ಷೆಗೆ ಸರಿಯಾದ ಈ ಅಭ್ಯಾಸಗಳೇ ಇಲ್ಲಿ ತಪ್ಪು. ಸೀಸೆ ಬಾಯಿಯ ತಿರುಪು ಸುತ್ತಿನ ಮೇಲಿನ ಮಣ್ಣಿನ ಕಣ ಒರೆಸಿ ಮುಚ್ಚಳ ಹಾಕಿ, ಒಂದು ಹರಳು ಸಿಕ್ಕಿಕೊಂಡರೂ ಆವಿ ಸೋರುತ್ತದೆ. ಸೀಸೆಗೆ ಬೇರೆ ಚೀಟಿ ಅಂಟಿಸಬೇಡಿ, ತೂಕ ತಪ್ಪುತ್ತದೆ. ಮಾರ್ಕರ್ ಪೆನ್ನಂತೂ ಹತ್ತಿರವೂ ಬೇಡ, ಕೆಲವು ಮಾರ್ಕರುಗಳ ಶಾಯಿಯಲ್ಲೇ ಕ್ಸೈಲೀನ್ (ಪೆಟ್ರೋಲಿನಲ್ಲೂ ಇರುವ ರಾಸಾಯನಿಕ) ಇರುತ್ತದೆ. ತೇವಾಂಶ ನೋಡಲು ಬೇರೆ ಡಬ್ಬಿಯಲ್ಲಿ ಸ್ವಲ್ಪ ಮಣ್ಣು, ಡೀಸೆಲ್ ಟ್ಯಾಂಕಿನ ಮಣ್ಣಿಗೆ ಅಗಲ ಬಾಯಿಯ ಗಾಜಿನ ಜಾರ್ ಸಾಕು. ಎಲ್ಲವನ್ನೂ ಐಸ್ ತುಂಬಿದ ಥರ್ಮಾಕೋಲ್ ಬಾಕ್ಸಿನಲ್ಲಿಟ್ಟು ಅದೇ ದಿನ ಕಳಿಸಿ. ಲ್ಯಾಬಿಗೆ ಈ ಪರೀಕ್ಷೆಗೇ ಎನ್‌ಎಬಿಎಲ್ (ಲ್ಯಾಬುಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯೇ ಎಂದು ಮೊದಲೇ ಕೇಳಿ. ಬೋರ್ಡಿನ ಮೇಲೆ ಹೆಸರಿದ್ದರೆ ಸಾಲದು.

ವರದಿ ಬರುವವರೆಗೆ ಗುಂಡಿ ಮುಚ್ಚಬೇಡಿ. ಬೇಲಿ ಹಾಕಿ, ರಾಶಿಗೆ ಟಾರ್ಪಾಲಿನ್ ಹೊದಿಸಿ. ಅದೇ ಮಣ್ಣನ್ನು ಸಂಜೆಯೇ ಗುಂಡಿಗೆ ದೂಡಿ ಕೈತೊಳೆದುಕೊಳ್ಳುವವರೇ ಜಾಸ್ತಿ.

ಅಕ್ಕಪಕ್ಕ ಬಾವಿ ಇದ್ದರೆ ಅದರ ನೀರನ್ನೂ ಪರೀಕ್ಷಿಸಿ. ಮುರಕಲ್ಲಿನ ಕರಾವಳಿಯಲ್ಲಿ ಇದು ಕಡ್ಡಾಯ ಅಂತಲೇ ಅಂದುಕೊಳ್ಳಿ, ಆ ಕಲ್ಲು ತೂತು ತೂತು. ಪಂಪ್ ಹಾಕಿ ಹಿಡಿದ ನೀರು ಬೇಡ, ನಿಧಾನಕ್ಕೆ ಸೇದಿದ ನೀರು ಬೇಕು. ಸೀಸೆಯಲ್ಲಿ ಲ್ಯಾಬಿನವರು ಹಾಕಿರುವ ಎರಡು ಹನಿ ಆಸಿಡನ್ನು ತೊಳೆದು ಚೆಲ್ಲಬೇಡಿ. ಕಂಠಪೂರ್ತಿ ತುಂಬಿ, ಮುಚ್ಚಿ, ತಲೆಕೆಳಗೆ ಮಾಡಿ ತಟ್ಟಿ ನೋಡಿ. ಗುಳ್ಳೆ ಕಂಡರೆ ಬೇರೆ ಸೀಸೆಗೆ ಮತ್ತೆ ತುಂಬಿ.