ಹೊಲದ ಪುಸ್ತಕ ಕೇಳಲು ಶುರು ಮಾಡಿದ ಮೇಲೆ

ಧಾರವಾಡದಲ್ಲಿ ನಾವು ಐದು ಜನ ಸೇರಿ ಆರು ತಿಂಗಳಿಗೊಮ್ಮೆ ಒಂದು ಸಂಶೋಧನಾ ಪತ್ರಿಕೆ ತರುತ್ತೇವೆ. ಬೆಳೆ, ಮಣ್ಣು, ಸಸ್ಯಗಳ ಬಗ್ಗೆ ಲೇಖನಗಳು. ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಅಚ್ಚಾಗುವುದು ಗದಗದಲ್ಲಿ. ನಾಲ್ಕು ವರ್ಷದ ಹಿಂದೆ ಸಂಪಾದಕನಾದಾಗ ನಾನು ಎರಡು ನಿಯಮ ತಂದೆ. ಲೇಖಕರಿಂದ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಬಾರದು. ಹೊಲದಲ್ಲೋ ಲ್ಯಾಬ್‌ನಲ್ಲೋ ಕೈಯಲ್ಲಿ ಬರೆದ ಮೂಲ ಪುಸ್ತಕ ನೋಡದೆ ಯಾವ ಲೇಖನವೂ ಅಚ್ಚಿಗೆ ಹೋಗಬಾರದು.

“ಹಿಂಗ ಮಾಡಿದ್ರ ಯಾರೂ ಪೇಪರ್ ಕಳಸೂದಿಲ್ಲ ನೋಡ್ರಿ. ವರ್ಷದಾಗ ಬಾಗ್ಲಾ ಹಾಕ್ತೀರಿ” ಅಂದರು ನಮ್ಮ ಮಂಡಳಿಯ ಹಿರಿಯರು. ಬಾಗಿಲು ಹಾಕಲಿಲ್ಲ. ಈಗ ಮೊದಲಿಗಿಂತ ಒಳ್ಳೆಯ ಲೇಖನಗಳು ಬರುತ್ತಿವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ವಿಷಯ. ಹಿಂದೆ ಲೇಖನಕ್ಕೆ 1,500 ರೂಪಾಯಿ ತೆಗೆದುಕೊಳ್ಳುತ್ತಿದ್ದೆವು. ಸಂಚಿಕೆಗೆ ಹನ್ನೆರಡು ಲೇಖನ ಅಂದರೆ 18 ಸಾವಿರ. 200 ಪ್ರತಿಗೆ ಡಿಟಿಪಿ, ಅಚ್ಚು, ಅಂಚೆ ಎಲ್ಲ ಸೇರಿ 27-28 ಸಾವಿರ ಆಗುತ್ತಿತ್ತು. ದುಡ್ಡು ಜೇಬಿಗೆ ಬಂದ ಮೇಲೆ ಲೇಖನ ಬೇಡ ಅನ್ನಲು ಬಾಯಿ ಬರುವುದಿಲ್ಲ, ಅಲ್ವಾ? ಶುಲ್ಕ ನಿಲ್ಲಿಸಿದ ಮೊದಲ ಎರಡು ಸಂಚಿಕೆಗೆ ನನ್ನ ಕೈಯಿಂದ ಸುಮಾರು 30 ಸಾವಿರ ಹೋಯಿತು. ಮನೆಯಲ್ಲಿ ಜಗಳವೂ ಆಯಿತು. ಆಮೇಲೆ ಅಚ್ಚಿನ ಪ್ರತಿಗಳನ್ನು ಎಂಬತ್ತಕ್ಕೆ ಇಳಿಸಿದೆ. ಉಳಿದವರು ಅಂತರ್ಜಾಲದಲ್ಲಿ ಓದಲಿ ಅಂತ ಓಪನ್ ಜರ್ನಲ್ ಸಿಸ್ಟಮ್ಸ್ ಎಂಬ ತಂತ್ರಾಂಶದಲ್ಲಿ ಹಾಕಿದೆ. ಆ ತಂತ್ರಾಂಶ ಪುಕ್ಕಟೆ, ಸರ್ವರ್‌ಗೆ ವರ್ಷಕ್ಕೆ ನಾಲ್ಕೈದು ಸಾವಿರ. ಈಗ ಚಂದಾದಾರರ ದುಡ್ಡಿನಲ್ಲೇ ಹೇಗೋ ನಡೆಯುತ್ತದೆ.

ದೊಡ್ಡ ಏಟು ಬಿದ್ದಿದ್ದು ವಿಮರ್ಶಕರ ವಿಷಯದಲ್ಲಿ, ಅಂದರೆ ಅಚ್ಚಿಗೆ ಮೊದಲು ಲೇಖನ ಓದಿ ತಪ್ಪು-ಒಪ್ಪು ಹೇಳುವ ಅದೇ ವಿಷಯದ ತಜ್ಞರ ವಿಷಯದಲ್ಲಿ. ಲೇಖಕರೇ ಸೂಚಿಸಿದ ಇಬ್ಬರಿಗೆ ಒಂದು ಲೇಖನ ಕಳಿಸಿದ್ದೆ. ಮೂರೇ ದಿನಕ್ಕೆ ಇಬ್ಬರಿಂದಲೂ ‘ಬಹಳ ಚೆನ್ನಾಗಿದೆ’ ಅಂತ ಬಂತು. ಖುಷಿಯಿಂದ ಅಚ್ಚು ಹಾಕಿಸಿದೆ. ನಾಲ್ಕು ತಿಂಗಳ ನಂತರ ಹುಬ್ಬಳ್ಳಿಯ ಒಂದು ವಿಚಾರ ಸಂಕಿರಣದಲ್ಲಿ ಆ ಇಬ್ಬರಲ್ಲಿ ಒಬ್ಬರು ಸಿಕ್ಕರು. ಊಟದ ಸಾಲಿನಲ್ಲಿ ಥ್ಯಾಂಕ್ಸ್ ಹೇಳಿದೆ. ಅವರು ತಟ್ಟೆ ಹಿಡಿದುಕೊಂಡೇ ನನ್ನ ಮುಖ ನೋಡಿದರು. “ಯಾವ ಲೇಖನಾರೀ? ನನಗ ಏನೂ ಬಂದಿಲ್ಲಲ್ಲ” ಅಂದರು. ಮೊಬೈಲ್ ತೆಗೆದು ಮೇಲ್ ವಿಳಾಸ ತೋರಿಸಿದೆ. ಹೆಸರು ಅವರದೇ, ನಡುವೆ ಒಂದು ಅಕ್ಷರ ಜಾಸ್ತಿ. ಅದು ಅವರ ವಿಳಾಸವೇ ಅಲ್ಲ. ಎರಡನೆಯ ವಿಳಾಸವೂ ಹಾಗೆಯೇ ಇತ್ತು. ಅವತ್ತು ಊಟ ಸೇರಲಿಲ್ಲ.

ಸುಮ್ನೆ ಬಿಟ್ಟುಬಿಡಿ ಅಂದವರೇ ಹೆಚ್ಚು. ನಾನು ಬಿಡಲಿಲ್ಲ. ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಗಳ ಸಂಪಾದಕರು 1997ರಲ್ಲಿ ಕಟ್ಟಿದ ಕೋಪ್ (ಪ್ರಕಟಣೆಯ ನೀತಿ ನೋಡುವ ಸಮಿತಿ) ಎಂಬ ಸಂಸ್ಥೆಯ ಮಾರ್ಗಸೂಚಿ ಇದೆಯಲ್ಲ, ಅದರಂತೆಯೇ ನಡೆದೆ. ಲೇಖಕರ ಉತ್ತರ ಕೇಳಿದೆ, ಬರಲಿಲ್ಲ. ಲೇಖನವನ್ನು ಅಳಿಸಲಿಲ್ಲ. ಅಂತರ್ಜಾಲದಲ್ಲಿ ಪ್ರತಿ ಪುಟದ ಮೇಲೂ ‘ಹಿಂಪಡೆಯಲಾಗಿದೆ’ ಅಂತ ಹಾಕಿದೆ. ಮುಂದಿನ ಸಂಚಿಕೆಯ ಪರಿವಿಡಿಯಲ್ಲೇ ಯಾಕೆ ಹಿಂಪಡೆದೆವು, ಯಾರು ಹಿಂಪಡೆದರು ಅಂತ ಬರೆದೆ. ಹನ್ನೊಂದು ಜನ ಚಂದಾ ನಿಲ್ಲಿಸಿದರು. ಇವತ್ತಿಗೂ ಅದು ನಾನು ಮಾಡಿದ ಒಳ್ಳೆಯ ಕೆಲಸ ಅಂತಲೇ ನನ್ನ ನಂಬಿಕೆ.

ಈಗ ಲೇಖಕರು ಸೂಚಿಸಿದ ವಿಮರ್ಶಕರನ್ನು ಕೇಳುವುದೇ ಇಲ್ಲ. ನಾನೇ ಹುಡುಕಿ, ಮೊದಲು ಕಾಲೇಜಿನ ಫೋನಿಗೆ ಮಾತಾಡಿ, ಆಮೇಲೆ ಕಳಿಸುತ್ತೇನೆ. ಮಧ್ಯೆ ಒಂದು ಪ್ರಯೋಗ ಮಾಡಿದೆ. ವಿಮರ್ಶೆಗೆ 500 ರೂಪಾಯಿ ಗೌರವಧನ ಕೊಟ್ಟೆ. ಬೇಗ ಬಂದವು, ಆದರೆ ಎರಡೇ ಸಾಲು. ಎರಡು ಸಂಚಿಕೆ ನೋಡಿ ನಿಲ್ಲಿಸಿದೆ. ದುಡ್ಡಿನ ಬದಲು ನಾಲ್ಕು ಪ್ರಶ್ನೆಗಳ ಒಂದು ಹಾಳೆ ಕೊಡಲು ಶುರು ಮಾಡಿದೆ. ಈಗ ಒಂದೂವರೆ ಪುಟ ಬರೆದು ಕಳಿಸುತ್ತಾರೆ. ಆರೇಳು ವಾರ ಹಿಡಿಯುತ್ತದೆ, ಹಿಡಿಯಲಿ.

ಹೊಲದ ಪುಸ್ತಕದ ವಿಷಯಕ್ಕೆ ಬರುತ್ತೇನೆ. ಹಾವೇರಿ ಕಡೆಯ ಒಬ್ಬ ಹುಡುಗ ಬ್ಯಾಡಗಿ ಮೆಣಸಿನಕಾಯಿ ಮೇಲೆ ಲೇಖನ ಕಳಿಸಿದ್ದ. ಟೇಬಲ್ ತುಂಬ ನೀಟಾಗಿತ್ತು. ಪುಸ್ತಕದ ಫೋಟೋ ತರಿಸಿದೆ. ಹಾಳೆಯ ಮೂಲೆಗೆ ಕೆಂಪು ಮಣ್ಣು ಮೆತ್ತಿತ್ತು. ಏಳನೇ ಪ್ಲಾಟಿನ ಎದುರು ಪೆನ್ಸಿಲ್‌ನಲ್ಲಿ ‘ಮಳೆ, ಅಳೆಯಲಿಲ್ಲ’ ಅಂತಿತ್ತು. ಲೇಖನದಲ್ಲಿ ಮಾತ್ರ ಆ ಜಾಗದಲ್ಲಿ ಒಂದು ಅಂಕಿ ಕೂತಿತ್ತು. ಫೋನ್ ಮಾಡಿದೆ. “ಸರ್, ಖಾಲಿ ಬಿಟ್ರ ಪೇಪರ್ ತಗೊಳ್ಳೂದಿಲ್ಲ ಅಂದ್ರು, ಅದಕ್ಕ ಸರಾಸರಿ ತುಂಬಿದೆ” ಅಂದ. ಅಳುವ ಹಾಗಿತ್ತು ದನಿ. ಖಾಲಿಯೇ ಬಿಡು, ಕೆಳಗೆ ಮಳೆ ಅಂತ ಬರಿ, ಲೆಕ್ಕ ಮತ್ತೆ ಮಾಡು ಅಂದೆ. ಫಲಿತಾಂಶ ಸ್ವಲ್ಪ ಮೆತ್ತಗಾಯಿತು, ಆದರೆ ನಿಂತಿತು. ಆ ಖಾಲಿ ಮನೆಯ ಸಮೇತ ಅಚ್ಚು ಹಾಕಿದೆವು. ನಮ್ಮ ಪತ್ರಿಕೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಟೇಬಲ್ ಅದು.

ಅಂಕಿಗಳಲ್ಲಿ ನಾನು ನೋಡುವ ಇನ್ನೆರಡು ಜಾಗ ಇವೆ. ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆಯೇ ಅವನ್ನು ಸರಿ ಮಾಡಿಕೊಂಡು ಕಳಿಸುವವರಿದ್ದಾರೆ. ಸಂಪಾದಕರು ಯಾರಾದರೂ ಮನೆಗೆ ಬಂದರೆ ಚಹಾ ಕುಡಿಯುತ್ತ ಹೇಳುತ್ತೇನೆ.

ಕನ್ನಡ ಲೇಖನ ತೆಗೆದುಕೊಳ್ಳುವವರಿಗೆ ಇದೊಂದು ಗೊತ್ತಿರಲಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ಕೃತಿಚೌರ್ಯದ ನಿಯಮದಲ್ಲಿ, ಬೇರೆ ಬರಹಗಳ ಜೊತೆ ಶೇ 10ರವರೆಗಿನ ಸಾಮ್ಯಕ್ಕೆ ದಂಡವಿಲ್ಲ. ಸಾಮ್ಯ ಹುಡುಕುವ ತಂತ್ರಾಂಶದಿಂದ ಒಂದು ಲೇಖನಕ್ಕೆ ಶೂನ್ಯ ಅಂತ ವರದಿ ಬಂತು. ನನಗೆ ಅನುಮಾನ. ಕಡತ ತೆರೆದರೆ ಹಳೆಯ ನುಡಿ ಫಾಂಟ್. ತಂತ್ರಾಂಶದ ಕಣ್ಣಿಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯುನಿಕೋಡ್‌ಗೆ ಬದಲಿಸಿ ಮತ್ತೆ ಹಾಕಿದೆ. ಶೇ 30 ದಾಟಿತು. ಅವತ್ತಿನಿಂದ ಯುನಿಕೋಡ್ ಅಲ್ಲದ ಕಡತ ಬೇಡ ಅಂತ ಬರೆದುಬಿಟ್ಟಿದ್ದೇನೆ.

ಒಪ್ಪಬಹುದಾದ ಸಂಶೋಧನಾ ಪತ್ರಿಕೆಗಳ ‘ಕೇರ್’ ಪಟ್ಟಿಯನ್ನೇ 2025ರಲ್ಲಿ ಯುಜಿಸಿ ನಿಲ್ಲಿಸಿತು. ಪಟ್ಟಿಯಲ್ಲಿ ನಾವು ಇರಲೇ ಇಲ್ಲ. ಈಗ ಪತ್ರಿಕೆ ಹೇಗಿದೆ ಅಂತ ಕಾಲೇಜುಗಳೇ ನೋಡಬೇಕು. ಮೊನ್ನೆ ಎರಡು ಕಾಲೇಜಿನವರು ಫೋನ್ ಮಾಡಿ ನಮ್ಮ ವಿಮರ್ಶೆಯ ಹಾಳೆ ಕೇಳಿದರು. ಬಾಗಿಲು ಹಾಕ್ತೀರಿ ಅಂದಿದ್ದ ಹಿರಿಯರೇ ಅದನ್ನು ಅವರಿಗೆ ಕೊಟ್ಟು ಬಂದರು.

ಮುಂದಿನ ಸಂಚಿಕೆಗೆ ಒಂಬತ್ತು ಲೇಖನ ಬಂದಿವೆ. ಎರಡರ ಹೊಲದ ಪುಸ್ತಕ ಇನ್ನೂ ಬಂದಿಲ್ಲ. ನಾಳೆ ಬೆಳಿಗ್ಗೆ ಇಬ್ಬರಿಗೂ ಫೋನ್ ಮಾಡಬೇಕು.