ಡಯಾಲಿಸಿಸ್ ಮಂಚದ ಮೇಲೆ ಆರಾಧನೆ: ನನ್ನ ಅನುಭವ

ಮೊದಲು ಮೈ ವಾಸಿಯಾಗಲಿ, ಆರಾಧನೆ ಆಮೇಲೆ ತಾನಾಗಿ ಬರುತ್ತದೆ ಎಂದು ನಮ್ಮ ಕ್ರೈಸ್ತ ಸಭೆಯ ಹಿರಿಯರು ಹೇಳುತ್ತಿದ್ದರು. ನನ್ನ ಹೆಂಡತಿಯೂ ಹಾಗೆಯೇ ನಂಬಿದ್ದಳು. ಎರಡೂ ಮೂತ್ರಪಿಂಡಗಳು ಕೈಕೊಟ್ಟು ಆರು ವರ್ಷದ ಮೇಲಾಯಿತು, ವಾಸಿಯಾಗಿಲ್ಲ. ಆರಾಧನೆ ಮಾತ್ರ ಬಂದಿದೆ, ರಕ್ತ ಶುದ್ಧಮಾಡುವ ಡಯಾಲಿಸಿಸ್ ಯಂತ್ರದ ಪಕ್ಕದಲ್ಲೇ ಬಂದಿದೆ. ಆಗ ತಲೆ ಅಲ್ಲಾಡಿಸಿದವರೇ ಈಗ ಇದನ್ನು ಹೇಗೆ ಮಾಡಿದೆ ಎಂದು ಕೇಳುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ಎರಡು ಮಾತು ಮೊದಲೇ ತಿಳಿದಿರಲಿ: ಫಿಸ್ಟುಲಾ ಎಂದರೆ ಯಂತ್ರದ ಸೂಜಿ ಚುಚ್ಚಲು ಕೈಯ ರಕ್ತನಾಳಗಳನ್ನು ಜೋಡಿಸಿ ಮಾಡಿದ ದಾರಿ, ಕೀರ್ತನೆಗಳು ಎಂದರೆ ಸತ್ಯವೇದದಲ್ಲಿರುವ (ಬೈಬಲಿನಲ್ಲಿರುವ) ಪ್ರಾರ್ಥನೆಯ ಹಾಡುಗಳು.

ಕೋಲಾರದಲ್ಲಿ ನಮ್ಮದು ಹಳೆಯ ಕ್ರೈಸ್ತ ಮನೆತನ. 1910ರಲ್ಲಿ ಆರಂಭವಾದ ಎಲನ್ ಥೋಬರ್ನ್ ಕೋವನ್ ಮಿಷನ್ ಆಸ್ಪತ್ರೆಯಲ್ಲಿ ನನ್ನ ಅಜ್ಜಿ ದಾದಿಯಾಗಿದ್ದರು. ನಾನು ಎಪಿಎಂಸಿಯಲ್ಲಿ ಟೊಮೆಟೊ ಕಮಿಷನ್ ವ್ಯಾಪಾರ ಮಾಡಿಕೊಂಡಿದ್ದವನು. ಕ್ರಿಸ್ಮಸ್, ಮದುವೆ, ಸಾವು, ಇಷ್ಟಕ್ಕೇ ದೇವಾಲಯದ ಮೆಟ್ಟಿಲು ಹತ್ತುತ್ತಿದ್ದೆ.

ಮೊದಲ ವರ್ಷವೇ ಹಣ ನೀರಾಯಿತು. ಖಾಸಗಿಯಲ್ಲಿ ಒಂದು ಸರದಿ ಡಯಾಲಿಸಿಸ್‌ಗೆ ಸುಮಾರು ಎರಡು ಸಾವಿರ, ತಿಂಗಳಿಗೆ ಹನ್ನೆರಡು ಹದಿಮೂರು ಸರದಿ, ರಕ್ತ ಹೆಚ್ಚಿಸುವ ಇಂಜೆಕ್ಷನ್ ಬೇರೆ, ಆಟೋ ಬೇರೆ. ಫಿಸ್ಟುಲಾ ಶಸ್ತ್ರಚಿಕಿತ್ಸೆಗೆ ಮೂವತ್ತು ಸಾವಿರದ ಹತ್ತಿರ ಹೋಯಿತು. ಬಂಗಾರಪೇಟೆ ರಸ್ತೆಯ ನಿವೇಶನ ಮಾರಿದೆವು. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಸರದಿ ಸಿಕ್ಕ ಮೇಲೆಯೇ ಉಸಿರಾಡಿದ್ದು. ಅದರ ನಡುವೆ ಪ್ರಾರ್ಥನೆಯಿಂದ ರೋಗ ವಾಸಿಯಾಗುತ್ತದೆ ಎನ್ನುವ ಸ್ವಸ್ಥತೆ ಕೂಟಗಳಿಗೆ ಹೋದ ಹಣವೂ ಸಣ್ಣದಲ್ಲ. ಕಾರು ಬಾಡಿಗೆ, ಕಾಣಿಕೆ, ಎಣ್ಣೆ ಬಾಟಲಿ ಸೇರಿ ನಲವತ್ತು ಸಾವಿರ ದಾಟಿರಬೇಕು. ಹೊರಗಿನಿಂದ ಬಂದಿದ್ದ ಪ್ರಸಂಗಿಯೊಬ್ಬರು ತಲೆಯ ಮೇಲೆ ಕೈಯಿಟ್ಟು, ನಂಬಿಕೆಯಿದ್ದರೆ ಯಂತ್ರ ಬಿಡು ಎಂದರು. ನಾನು ಬಿಡಲಿಲ್ಲ. ಹಿರಿಯರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎಂದು ಸತ್ಯವೇದದ ತನ್ನ ಪತ್ರದಲ್ಲಿ ಯಾಕೋಬನು ಬರೆದಿದ್ದಾನೆ, ಚಿಕಿತ್ಸೆ ಬಿಡಲಿ ಎಂದು ಬರೆದಿಲ್ಲ. ಅರಸ ಹಿಜ್ಕೀಯನ ಹುಣ್ಣಿಗೆ ಅಂಜೂರದ ಪಟ್ಟಿ ಕಟ್ಟಿಸಿದವನು ಪ್ರವಾದಿ ಯೆಶಾಯನೇ. ಅಪೊಸ್ತಲ ಪೌಲನು ತನ್ನ ಜೊತೆಗಾರ ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಮುಂದೆ ಹೋಗಬೇಕಾಯಿತು. ಪೌಲನಿಗೆ ನಂಬಿಕೆ ಕಡಿಮೆಯಿತ್ತು ಎಂದು ಯಾರಾದರೂ ಹೇಳಲಿ ನೋಡೋಣ.

ಮೊದಮೊದಲು ಮಾಡಿದ್ದೆಲ್ಲ ಕೆಟ್ಟಿತು. ಸತ್ಯವೇದವನ್ನು ಮೊದಲ ಪುಸ್ತಕ ಆದಿಕಾಂಡದಿಂದ ಕ್ರಮವಾಗಿ ಓದಲು ಹೊರಟವನು ಮೂರನೆಯದಾದ ಯಾಜಕಕಾಂಡದಲ್ಲಿ ನಿಂತುಬಿಟ್ಟೆ. ದಪ್ಪ ಸತ್ಯವೇದವನ್ನು ಒಂದೇ ಕೈಯಲ್ಲಿ ಹಿಡಿಯಲಾಗುವುದಿಲ್ಲ, ಎಡಗೈಯಲ್ಲಿ ಎರಡು ಸೂಜಿಗಳಿದ್ದರೆ ಅದನ್ನು ಅಲುಗಿಸುವಂತಿಲ್ಲ. ಮೊಬೈಲಿನಲ್ಲಿ ಪ್ರಸಂಗ ಹಾಕಿದರೆ ಹತ್ತು ನಿಮಿಷಕ್ಕೆ ನಿದ್ದೆ. ಮನೆಯಲ್ಲಿ ಬೆಳಗಿನ ಜಾವದ ಪ್ರಾರ್ಥನೆ ಒಂದು ವಾರವೂ ನಡೆಯಲಿಲ್ಲ. ಭಾನುವಾರದ ಆರಾಧನೆಯೇ ಎಲ್ಲಕ್ಕಿಂತ ಕಷ್ಟವಾಗಿತ್ತು. ಸೋಮವಾರ, ಬುಧವಾರ, ಶುಕ್ರವಾರದ ಸರದಿಯವರಿಗೆ ಎರಡು ದಿನದ ಬಿಡುವು ಬರುವುದು ವಾರದ ಕೊನೆಯಲ್ಲಿ. ಯಂತ್ರವಿಲ್ಲದೆ ಮೈಯಲ್ಲಿ ನೀರು ನಿಂತು, ಭಾನುವಾರ ಕಾಲು ಊದಿ, ಏದುಸಿರು ಬಂದು, ಒಂದು ಚರಣ ಹಾಡುವುದರೊಳಗೆ ಕೂರಬೇಕಾಗುತ್ತಿತ್ತು.

ಮಂಗಳವಾರ, ಗುರುವಾರ, ಶನಿವಾರದ ಸರದಿಗೆ ಬದಲಾಯಿಸಿಕೊಂಡದ್ದೇ ತಿರುವು. ಜಾಗ ಖಾಲಿ ಇರಲಿಲ್ಲ. ಸೋಮವಾರದ ಸರದಿ ಬೇಕಿದ್ದ ಟ್ರ್ಯಾಕ್ಟರ್ ಚಾಲಕರೊಬ್ಬರು ಸಿಗುವವರೆಗೆ ತಿಂಗಳುಗಟ್ಟಲೆ ಕಾದೆ. ಈಗ ಶನಿವಾರ ಯಂತ್ರ, ರಾತ್ರಿ ನಿದ್ದೆ, ಭಾನುವಾರ ಮೈ ಹಗುರ. ಈ ಸಣ್ಣ ಲೆಕ್ಕವನ್ನು ನನಗೆ ವೈದ್ಯರೂ ಹೇಳಲಿಲ್ಲ, ಸಭಾಪಾಲಕರೂ ಹೇಳಲಿಲ್ಲ.

ಇನ್ನು ಒಂದು ಸರದಿಯ ನಾಲ್ಕು ಗಂಟೆಗಳ ವಿಚಾರ. ಮೊದಲ ಗಂಟೆಯಲ್ಲಿ ತಲೆ ಚುರುಕಾಗಿರುತ್ತದೆ, ಭಾರವಾದ ಕೀರ್ತನೆಗಳು ಆಗಲೇ ಆಗಬೇಕು: 6, 38, 88, 102. ರೋಗಿಗೆ 88 ಬೇಡ, ಅದು ಕತ್ತಲಲ್ಲೇ ಮುಗಿಯುತ್ತದೆ ಎಂದು ಮಹಿಳಾ ಸಂಘದವರು ಗದರಿದರು. ನನ್ನನ್ನು ಮೊದಲು ಹಿಡಿದದ್ದೇ ಅದು. ಸಮಾಧಾನದ ಒಂದು ಸಾಲನ್ನೂ ಸೇರಿಸದೆ ಹಾಗೆಯೇ ಪ್ರಾರ್ಥಿಸಬಹುದು, ದೇವರು ಅದನ್ನು ತನ್ನ ಪುಸ್ತಕದಲ್ಲಿ ಇಟ್ಟುಕೊಂಡಿದ್ದಾನೆ ಎಂದು ತಿಳಿದ ದಿನ ನಾನು ಕ್ರೈಸ್ತನಾದೆ ಎಂದೇ ಹೇಳುತ್ತೇನೆ, ಶಿಶುವಾಗಿದ್ದಾಗಲೇ ದೀಕ್ಷಾಸ್ನಾನವಾಗಿದ್ದರೂ. ಎರಡನೆಯ ಗಂಟೆಗೆ 120ರಿಂದ 134ರವರೆಗಿನ ಯಾತ್ರೆಯ ಗೀತೆಗಳು. ಎಲ್ಲವೂ ಚಿಕ್ಕವು. ಬೆಟ್ಟಗಳ ಕಡೆಗೆ ಕಣ್ಣೆತ್ತುವ 121ನ್ನು ಹೇಳುವಾಗ ನನ್ನ ಮನಸ್ಸಿನಲ್ಲಿ ನಿಲ್ಲುವುದು ನಮ್ಮ ಕೋಲಾರದ ಶತಶೃಂಗ ಬೆಟ್ಟದ ಸಾಲೇ. ಮೂರನೆಯ ಗಂಟೆಯಿಂದ ರಕ್ತದೊತ್ತಡ ಇಳಿಯುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ. ಆಗ ಪುಸ್ತಕ ಮುಚ್ಚಿ ಇತರರ ಹೆಸರು ಹಿಡಿದು ಬೇಡುತ್ತೇನೆ, ಮಂಚದ ಕ್ರಮದಲ್ಲಿ, ದಾದಿಯರಿಂದ ತೊಡಗಿ. ಆ ಹೊತ್ತಿನಲ್ಲಿ ತೂಕಡಿಸದೆ ಇರಲು ನನ್ನದೇ ಒಂದು ಉಪಾಯವಿದೆ. ಅದನ್ನು ಬರೆಯುವುದಿಲ್ಲ, ಪಕ್ಕದಲ್ಲಿ ಕುಳಿತವರಿಗೆ ಮಾತ್ರ ತೋರಿಸುತ್ತೇನೆ. ಕೊನೆಯ ಗಂಟೆಗೆ ಒಂದೇ ವಾಕ್ಯ ಸಾಕು.

ಯಂತ್ರವಿಲ್ಲದ ದಿನಗಳಲ್ಲಿ ಬೆಳಗಿನ ಪ್ರಾರ್ಥನೆಗೆ ಅಲಾರಂ ಬೇಕಿಲ್ಲ. ಫಿಸ್ಟುಲಾದಲ್ಲಿ ರಕ್ತ ಹರಿಯುತ್ತಿದೆಯೇ ಎಂದು ಹೇಗೂ ದಿನವೂ ಮುಟ್ಟಿ ನೋಡಬೇಕಲ್ಲ. ಬಲ ಅಂಗೈಯನ್ನು ಎಡ ಮುಂಗೈ ಮೇಲಿಟ್ಟರೆ ಚರ್ಮದ ಕೆಳಗೆ ಗುಂಯ್ ಎನ್ನುವ ನಡುಕ ಬೆರಳಿಗೆ ತಾಗುತ್ತದೆ. ಅದು ತಾಗಿದ ಕೂಡಲೇ ಸ್ತೋತ್ರ. ವರ್ಷಗಳಿಂದ ಒಂದು ದಿನವೂ ತಪ್ಪಿಲ್ಲ.

ದಾಹದ ವಿಚಾರ ಹೇಳಲೇಬೇಕು. ಊಟದ ಸಾರು, ಮಜ್ಜಿಗೆ ಎಲ್ಲ ಸೇರಿ ನನಗೆ ದಿನಕ್ಕೆ ಒಂದು ಲೀಟರ್ ಮಾತ್ರ. ಕೋಲಾರದ ಏಪ್ರಿಲ್‌ನಲ್ಲಿ ಅದು ಏನೆಂದು ಅನುಭವಿಸಿದವರಿಗೇ ಗೊತ್ತು. ಪ್ರೀತಿಯಿಂದ ಎಳನೀರು ತಂದುಕೊಡುವವರಿಗೆ ಅದರ ಪೊಟ್ಯಾಸಿಯಂ ನಮ್ಮಂಥವರಿಗೆ ಅಪಾಯ ಎಂದು ಬಿಡಿಸಿ ಹೇಳುವುದೇ ಒಂದು ಕೆಲಸ. ಶುಭ ಶುಕ್ರವಾರದ ಮೂರು ಗಂಟೆಯ ಆರಾಧನೆಯಲ್ಲಿ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಚಿಕ್ಕಂದಿನಿಂದ ಕೇಳಿದ್ದೆ. ಐದನೆಯದು, ‘ನನಗೆ ನೀರಡಿಕೆಯಾಗಿದೆ’ ಎಂಬುದು, ಒಣಗಿದ ನಾಲಿಗೆ ಅಂಗುಳಕ್ಕೆ ಅಂಟಿದ್ದ ವರ್ಷ ನೇರವಾಗಿ ನನ್ನೊಳಗೆ ಇಳಿಯಿತು. ದೇವಕುಮಾರನಿಗೆ ನನ್ನ ದಾಹ ಗೊತ್ತು. ಅಂದಿನಿಂದ ದಾಹವಾದಾಗಲೆಲ್ಲ ಆ ಮಾತನ್ನು ಹೇಳಿಕೊಳ್ಳುತ್ತೇನೆ. ದೇವಾಲಯದಲ್ಲಿ ಯೇಸುವಿನ ನೆನಪಿಗೆ ಕೊಡುವ ಕರ್ತನ ಭೋಜನದ ಪುಟ್ಟ ಲೋಟದಲ್ಲಿ ಇರುವುದು ಎರಡು ಚಮಚವೂ ಅಲ್ಲ, ಆದರೂ ಆ ಭಾನುವಾರದ ನೀರಿನ ಲೆಕ್ಕದಲ್ಲಿ ಮೊದಲು ಬರೆಯುವುದು ಅದನ್ನೇ.

ನಡುವೆ ಒಂದು ಪ್ರಯೋಗ. ಪಕ್ಕದ ಮನೆಯ ಮೇಷ್ಟರು ಗಮಕ ವಾಚಿಸುತ್ತಿದ್ದರು, ಆ ಧಾಟಿ ಕಿವಿಯಲ್ಲಿತ್ತು. 130ನೆಯ ಕೀರ್ತನೆಯನ್ನು ಭಾಮಿನಿ ಷಟ್ಪದಿಗೆ ಕೂರಿಸಿದೆ. ಮೂರನೆಯ ಮತ್ತು ಆರನೆಯ ಸಾಲಿನ 23 ಮಾತ್ರೆಗಳಿಗೆ ನನ್ನ ಉಸಿರು ಸಾಲಲಿಲ್ಲ. ಶರ ಷಟ್ಪದಿಗೆ ಇಳಿದೆ: ಎಂಟು ಮಾತ್ರೆಯ ಸಾಲು, ದೊಡ್ಡದಕ್ಕೆ ಹದಿನಾಲ್ಕು. ಮಲಗಿಕೊಂಡೇ ಹಾಡಬಹುದು. ಸಭಾಪಾಲಕರು ಕೇಳಿ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಕೂಟದಲ್ಲಿ ಹಾಡಿಸಿದರು. ಬರಹವನ್ನು ಸದ್ಯಕ್ಕೆ ಯಾರಿಗೂ ಕೊಟ್ಟಿಲ್ಲ, ಇನ್ನೂ ಎರಡು ಕಡೆ ಪ್ರಾಸ ತಿದ್ದಬೇಕು.

ಕಾಣಿಕೆಯ ಬಗ್ಗೆ ಕೇಳುವವರಿದ್ದಾರೆ. ಸಾಲ ತೀರುವವರೆಗೆ ದಶಮಾಂಶ, ಅಂದರೆ ಆದಾಯದ ಹತ್ತನೆಯ ಒಂದು ಪಾಲು, ಸಭೆಗೆ ಕೊಡಲಾಗಲಿಲ್ಲ, ಅದಕ್ಕೆ ತಲೆ ತಗ್ಗಿಸಬೇಕಿಲ್ಲ. ಆಟೋ ಬಿಟ್ಟು ಬಸ್ಸು ಹತ್ತಿದ ದಿನ ಉಳಿದದ್ದನ್ನು ಡಬ್ಬಿಗೆ ಹಾಕುತ್ತೇನೆ, ವರ್ಷಕ್ಕೆ ಎರಡು ಮೂರು ಸಾವಿರ ಆಗುತ್ತದೆ. ಅದು ಹೊಸದಾಗಿ ಸೂಜಿ ಚುಚ್ಚಿಸಿಕೊಳ್ಳುವವರ ಬಸ್ ಖರ್ಚಿಗೆ.

ಈಗ ಹಿಡಿದಿರುವುದು 119ನೆಯ ಕೀರ್ತನೆ. 176 ವಚನ, ಎಂಟೆಂಟರ 22 ಭಾಗ. ಒಂದು ಸರದಿಗೆ ಒಂದು ಭಾಗ ಬಾಯಿಪಾಠ, ತಪ್ಪಿದರೆ ಮುಂದಿನ ಸರದಿಗೂ ಅದೇ. ಅರ್ಧ ದಾಟಿದ್ದೇನೆ. ಎದುರು ಮಂಚದವರು ಪುಸ್ತಕ ಹಿಡಿದು ಒಪ್ಪಿಸಿಕೊಳ್ಳುತ್ತಾರೆ, ಒಂದು ಪದ ಜಾರಿದರೂ ಬಿಡುವುದಿಲ್ಲ.